ಇಂಚು ಸರಿಯಾಗಿಯೇ ಇತ್ತು

ನಮ್ಮ ಮನೆಯಲ್ಲಿ ಮರ ಕೊಯ್ಯುವ ಮಿಷನ್ನುಗಳು ಮೂರಿವೆ. ಮರ ಕೊಯ್ಯುವುದು ಮಾತ್ರ ಒಂದೂ ಇಲ್ಲ. ಕೊಪ್ಪದ ಪೇಟೆಯಲ್ಲಿ ಯಾರಾದರೂ "ಭಟ್ರ ಮನೇಲಿ ಚೈನ್ ಸಾ ಎಷ್ಟಿದೆ ಮಾರಾಯ್ರೆ?" ಎಂದು ಕೇಳಿದರೆ ಮೊದಲ ವಾಕ್ಯ ನಾನು ಹೇಳುತ್ತೇನೆ, ಎರಡನೆಯದನ್ನು ನನ್ನ ಹೆಂಡತಿ ಹೇಳುತ್ತಾಳೆ. ಸಂಸಾರದಲ್ಲಿ ಕೆಲಸ ಹಂಚಿಕೊಂಡು ಮಾಡಬೇಕು ಎನ್ನುವುದನ್ನು ನಾವಿಬ್ಬರೂ ಹೀಗೆ ಪಾಲಿಸಿಕೊಂಡು ಬಂದಿದ್ದೇವೆ.

ಮೊದಲನೆಯದು ಕೇಸರಿ ಬಣ್ಣದ್ದು, ಸ್ವೀಡನ್ ಮೂಲದ್ದು. ಒಂದು ಎಸ್ಟೇಟಿನ ಹಳೇ ಸಾಮಾನಿನ ಹರಾಜಿನಲ್ಲಿ ಕೊಂಡೆ. ನನಗೆ ಎದುರಾಗಿ ಒಬ್ಬನೂ ಬೆಲೆ ಕೂಗಲಿಲ್ಲ. ಅದನ್ನು ನಾನು ಅದೃಷ್ಟ ಅಂದುಕೊಂಡೆ. ಎರಡನೆಯದು ಅಪ್ಪನ ಕಾಲದ ಸ್ಟಿಲ್ 070. ಸುಮಾರು 105 ಸಿ.ಸಿ. ಇಂಜಿನ್ನು; ಪೇಟೆಗೆ ಹೋಗುವ ನನ್ನ ಬೈಕಿಗೂ ಅಷ್ಟಿಲ್ಲ. ಪಿಸ್ಟನ್ ಹಿಡಿದುಕೊಂಡು ವರ್ಷಗಳೇ ಆದವು. ಆದರೆ ಅಪ್ಪ ಮುಟ್ಟಿದ ಮಿಷನ್ನು ಎಂದು ಅಮ್ಮ ಅದನ್ನು ಮಾರಲು ಬಿಡುವುದಿಲ್ಲ. ಆಯುಧಪೂಜೆಗೆ ಅದಕ್ಕೇ ಮೊದಲ ಕುಂಕುಮ. ಮೂರನೆಯದು ಹಳದಿ ಬಣ್ಣದ ಮೆಕಲಕ್, ಅಮೆರಿಕದ್ದು. ಸೋದರಮಾವ ತನ್ನ ಗೋದಾಮು ಖಾಲಿ ಮಾಡುವಾಗ "ನಿನಗೆ ಇಂಥದ್ದರಲ್ಲಿ ಆಸಕ್ತಿ ಅಲ್ವನೋ?" ಎಂದು ಜೀಪಿಗೆ ಹಾಕಿ ಕಳಿಸಿದ. ಬಾಡಿಗೆ ನಾನೇ ಕೊಟ್ಟೆ.

ಆಷಾಢದ ಗಾಳಿಗೆ ತೋಟದ ಅಂಚಿನ ಸಿಲ್ವರ್ ಓಕ್ ಒಂದು ಮೆಣಸಿನ ಬಳ್ಳಿ ಸಮೇತ ಮಲಗಿತು. ಮಲಗಲು ಅದಕ್ಕೆ ಎಷ್ಟೋ ಜಾಗವಿತ್ತು. ಮಲಗಿದ್ದು ಮಾತ್ರ ಮನೆಗೂ ಕೊಟ್ಟಿಗೆಗೂ ನಡುವಿನ ದಾರಿಗೆ ಅಡ್ಡಲಾಗಿ. ಅಮ್ಮ ಹಾಲು ಕರೆಯಲು ಹೋಗಬೇಕಾದರೆ ಮರ ಹತ್ತಿ ಇಳಿಯಬೇಕು. ಬರುವಾಗ ತುಂಬಿದ ಚೊಂಬು ಹಿಡಿದುಕೊಂಡು ಹತ್ತಿ ಇಳಿಯಬೇಕು. ಎಲ್ಲರೂ ನನ್ನ ಮುಖ ನೋಡಿದರು.

"ಹಾಗೆಲ್ಲ ಕೊಯ್ಯೋಕಾಗಲ್ಲ. 1976ರ ಕಾಯ್ದೆ ಇದೆ, ಅರಣ್ಯ ಇಲಾಖೆಯ ಅನುಮತಿ ಬೇಕು" ಎಂದೆ, ಆದಷ್ಟು ಗಂಭೀರವಾಗಿ.

ಮಗಳು ಶಿವಮೊಗ್ಗದಲ್ಲಿ ಕಾನೂನು ಓದುತ್ತಿದ್ದಾಳೆ. ಫೀಸು ಕಟ್ಟುವುದು ನಾನೇ. "ಅಪ್ಪಾ, ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕಿಗೆ ವಿನಾಯಿತಿ ಇದೆ" ಎಂದಳು.

ಇನ್ನು ಉಳಿದದ್ದು ನಿಜವಾದ ಕಾರಣ. ಕೇಸರಿ ಮಿಷನ್ನಿನ ಇಂಜಿನ್ ಗಟ್ಟಿ ಇತ್ತು, ಎರಡೆಳೆತಕ್ಕೆ ಸ್ಟಾರ್ಟ್ ಆಗುತ್ತಿತ್ತು. ಬಾರ್ ಇರಲಿಲ್ಲ. ಬಾರ್ ಎಂದರೆ ಮುಂದಕ್ಕೆ ಚಾಚಿಕೊಂಡಿರುವ ಉಕ್ಕಿನ ಪಟ್ಟಿ. ಅದರ ಅಂಚಿನ ಸಂದಿನಲ್ಲೇ ಚೈನು ಓಡುವುದು. ಕಳೆದ ಬೇಸಿಗೆಯಲ್ಲಿ ದಿಮ್ಮಿಯೊಂದನ್ನು ಹೊರಳಿಸಲು ಹಾರೆ ಕೈಗೆ ಸಿಗದೆ ಬಾರನ್ನೇ ತೂರಿಸಿ ಮೀಟಿದ್ದೆ. ದಿಮ್ಮಿ ಹೊರಳಿತು ಎನ್ನುವುದನ್ನು ಮನೆಯಲ್ಲಿ ಎಲ್ಲರೂ ಮರೆತಿದ್ದಾರೆ. ಬಾರು ಬಾಗಿತು ಎನ್ನುವುದನ್ನು ಯಾರೂ ಮರೆತಿಲ್ಲ. ಬಾಗಿದ್ದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಗುಜರಿಯವನಿಗೆ ಹಾಕಿದ್ದೆ. ತೂಕಕ್ಕೆ ಸಿಕ್ಕಿದ ದುಡ್ಡಿಗೆ ಒಂದು ಬನ್ಸು, ಒಂದು ಕಾಫಿ ಬಂದಿತ್ತು.

ಪೇಟೆಯ ಅಂಗಡಿಗೆ ಹೋದೆ. "ಬಾರ್ ಬೇಕಿತ್ತು."

"ಎಷ್ಟು ಇಂಚು?"

"ಇಪ್ಪತ್ತು."

"ಯಾವ ಮಾಡೆಲ್?"

ಹೇಳಿದೆ. ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಅದು ಈಗ ಬರಲ್ಲ ಭಟ್ರೇ, ಬಹಳ ಹಳೇದು" ಎಂದರು. ಹಳೆಯದು ಎಂದದ್ದು ಮಿಷನ್ನಿಗೋ ನನಗೋ ಎಂದು ಕೇಳಲು ಹೋಗಲಿಲ್ಲ. ಆ ಸಂಭಾಷಣೆಯಿಂದ ನಾನು ಹೊತ್ತುಕೊಂಡು ಬಂದದ್ದು ಒಂದೇ ತಿಳಿವಳಿಕೆ: ಬಾರ್ ವ್ಯವಹಾರದಲ್ಲಿ ಮೊದಲು ಕೇಳುವುದು ಇಂಚು, ಇಂಚು ಸರಿಯಾದರೆ ಮುಕ್ಕಾಲು ಕೆಲಸ ಆದ ಹಾಗೆ.

ನನ್ನ ಹೆಂಡತಿಯ ಅಣ್ಣ ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿದ್ದಾರೆ. ಗರಗಸದ ವಿಷಯಕ್ಕೆ ಅದಕ್ಕಿಂತ ಪುಣ್ಯಕ್ಷೇತ್ರ ಇಲ್ಲ. ಇವತ್ತು ಲೋಕವೆಲ್ಲ ಬಳಸುವ ಚೈನಿನ ಹಲ್ಲು ಹುಟ್ಟಿದ್ದೇ ಆ ಕಡೆಯ ಕಾಡಿನಲ್ಲಿ. ಜೋ ಕಾಕ್ಸ್ ಎನ್ನುವ ಮರ ಕಡಿಯುವ ಮನುಷ್ಯ 1946ರಲ್ಲಿ ಒಂದು ಬೊಡ್ಡೆಯ ಮುಂದೆ ಕೂತು, ಮರ ಕೊರೆಯುವ ದುಂಬಿಯ ಮರಿಹುಳು ಹೇಗೆ ತಿನ್ನುತ್ತದೆ ಎಂದು ನೋಡಿದ. ಹುಳು ನಾರಿನ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಮ ಕೊರೆಯುತ್ತಿತ್ತು. ಅದರ ದವಡೆ ಎಡಕ್ಕೊಂದು ಬಲಕ್ಕೊಂದು ಇದ್ದವು. ಅದನ್ನೇ ಉಕ್ಕಿನಲ್ಲಿ ಮಾಡಿ 1947ರಲ್ಲಿ ಪೋರ್ಟ್‌ಲ್ಯಾಂಡಿನ ತನ್ನ ಮನೆಯ ನೆಲಮಾಳಿಗೆಯಲ್ಲೇ ಚೈನಿನ ಕಂಪನಿ ಶುರು ಮಾಡಿದ. ಅದೇ ಮುಂದೆ 'ಆರೆಗನ್' ಎಂಬ ಹೆಸರಿನಲ್ಲಿ ಚೈನು, ಬಾರು ಎರಡನ್ನೂ ಎಲ್ಲ ಕಂಪನಿಗಳ ಗರಗಸಗಳಿಗೂ ಮಾಡುವಷ್ಟು ಬೆಳೆಯಿತು. ನಮ್ಮ ಮನೆಯ ಹಳೇ ಪಕಾಸಿಯಲ್ಲೂ ಹುಳುಗಳು ಹಗಲೂ ರಾತ್ರಿ ಕೊರೆಯುತ್ತಿವೆ. ಎಷ್ಟೋ ಹೊತ್ತು ಅವುಗಳನ್ನು ನೋಡುತ್ತಾ ಮಲಗಿದ್ದೇನೆ. ಕಂಪನಿ ಆಗಿಲ್ಲ, ಕಣ್ಣಿಗೆ ಪುಡಿ ಬಿದ್ದಿದೆ.

ಭಾವನಿಗೆ ಫೋನು ಮಾಡಿದೆ. ನಮ್ಮ ಬೆಳಗಿನ ಕಾಫಿಯ ಹೊತ್ತಿಗೆ ಅವರಲ್ಲಿ ಹಿಂದಿನ ದಿನದ ಸಂಜೆ. ಹಾಗಾಗಿ ನನ್ನ ಬೇಡಿಕೆ ಹುಟ್ಟುವ ಮೊದಲೇ ಅವರಿಗೆ ತಲುಪಿತ್ತು. ಅವರು ಚೌತಿಗೆ ಊರಿಗೆ ಬರುವವರಿದ್ದರು. "ಇಪ್ಪತ್ತು ಇಂಚಿನ ಬಾರ್, ಭಾವ. ಇಪ್ಪತ್ತು ಇಂಚು. ಮರೀಬೇಡಿ" ಎಂದು ಒತ್ತಿ ಒತ್ತಿ ಹೇಳಿದೆ. ಅವರೂ ನೋಟ್ ಮಾಡಿಕೊಂಡರು. ಅಲ್ಲಿ ಜನ ಮನೆಯ ಹಳೇ ಸಾಮಾನನ್ನು ವಾರದ ಕೊನೆಗೆ ಅಂಗಳದಲ್ಲಿ ಹರಡಿ ಮಾರುತ್ತಾರಂತೆ. ಅಂಥ ಒಂದು ಕಡೆ ಹೊಚ್ಚ ಹೊಸ ಬಾರು, ಪ್ಯಾಕೆಟ್ಟು ಕೂಡ ಒಡೆಯದ್ದು, ಅಗ್ಗಕ್ಕೆ ಸಿಕ್ಕಿತಂತೆ.

ಚೌತಿಗೆ ಮುಂಚೆ ಭಾವ ಬಂದರು. ಬಾದಾಮಿ, ಚಾಕಲೇಟು, ಅಮ್ಮನಿಗೆ ನೋವಿನ ಮುಲಾಮು, ಇವೆಲ್ಲದರ ಅಡಿಯಲ್ಲಿ ಎರಡು ಟವೆಲ್ಲು ಸುತ್ತಿದ ಬಾರು. ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಪೆಟ್ಟಿಗೆ ಬಿಚ್ಚಿಸಿ, ಇದು ಕತ್ತಿಯೋ ಏನು ಎಂದು ವಿಚಾರಿಸಿದರಂತೆ. "ನಮ್ಮ ಭಾವನಿಗೆ, ಮರ ಕೊಯ್ಯೋಕೆ" ಎಂದರಂತೆ ಇವರು. "ಕೊಯ್ತಾರಾ?" ಎಂದು ಅಧಿಕಾರಿ ಕೇಳಿದರಂತೆ. ಇಷ್ಟು ದೂರದ ಮನುಷ್ಯನಿಗೂ ನನ್ನ ಬಗ್ಗೆ ಸಂಶಯ ಹುಟ್ಟಿದ್ದು ನನಗೆ ಈಗಲೂ ಆಶ್ಚರ್ಯ.

ಜಗಲಿಯಲ್ಲಿ ಎಲ್ಲರೂ ಸೇರಿದರು. ಮಗಳು ವಿಡಿಯೋಗೆ ಫೋನು ಹಿಡಿದಳು. ನಾನು ಕೇಸರಿ ಮಿಷನ್ನಿನ ಪಕ್ಕದ ಮುಚ್ಚಳ ಬಿಚ್ಚಿ ಬಾರನ್ನು ಕೂರಿಸಿದೆ. ಕೂತಿತು. ಕೂತದ್ದಷ್ಟೇ ಅಲ್ಲ, ಕೂತಲ್ಲೇ ಕುಣಿಯಿತು. ಮೇಲಕ್ಕೆ ಎತ್ತಿದರೆ ಮೇಲೆ, ಕೆಳಗೆ ಒತ್ತಿದರೆ ಕೆಳಗೆ. ನಟ್ಟು ಬಿಗಿ ಮಾಡಿದರೂ ಮನಸ್ಸು ಬಂದ ಕಡೆಗೆ ವಾಲಿತು.

"ಇಪ್ಪತ್ತೇ ಇಂಚು ಅಂದ್ರಲ್ಲ?" ಎಂದರು ಭಾವ.

ಹೆಂಡತಿ ಒಳಗೆ ಹೋಗಿ ಹೊಲಿಗೆ ಮಿಷನ್ನಿನ ಡ್ರಾಯರಿನಿಂದ ಟೇಪು ತಂದು ಅಳೆದಳು. "ಇದು ಇಪ್ಪತ್ತಲ್ಲ, ಇಪ್ಪತ್ಮೂರು ದಾಟಿದೆ" ಎಂದಳು. ಅಣ್ಣ ಮೋಸ ಹೋದ ಎಂದು ಅವಳಿಗೆ ಕಸಿವಿಸಿ. ಆಗ ನನಗೆ ಒಂದು ಅವಕಾಶ ಸಿಕ್ಕಿತು: ಬಾರಿನ ಇಂಚು ಎಂದರೆ ಇಡೀ ಪಟ್ಟಿಯ ಉದ್ದವಲ್ಲ, ಮಿಷನ್ನಿನ ಮೈಯಿಂದ ಹೊರಗೆ ಉಳಿಯುವ, ಮರ ಕೊಯ್ಯುವ ಉದ್ದ ಮಾತ್ರ, ಉಳಿದದ್ದು ಮುಚ್ಚಳದ ಒಳಗೆ ಹೋಗುತ್ತದೆ ಎಂದು ವಿವರಿಸಿದೆ. ಎಲ್ಲರೂ ತಲೆದೂಗಿದರು. ಬಾರು ಕುಣಿಯುತ್ತಲೇ ಇತ್ತು.

ಮಾರನೇ ದಿನ ಅದನ್ನು ಮೆಕ್ಯಾನಿಕ್ಕಿನ ಹತ್ತಿರ ಒಯ್ದೆ. ಹುಲ್ಲು ಹೊಡೆಯುವ ಮಿಷನ್ನು, ಔಷಧಿ ಹೊಡೆಯುವ ಪಂಪು, ಚೈನ್ ಸಾ ಎಲ್ಲದಕ್ಕೂ ಆತ ಒಬ್ಬನೇ. ಬಾರನ್ನು ತಿರುಗಿಸಿ, ಬಾಲದ ಹತ್ತಿರ ಕೆತ್ತಿದ ಅಕ್ಷರ ಓದಿದ: 203ಆರ್‌ಎನ್‌ಡಿಡಿ025. ನಾನು ಅದನ್ನು ಬ್ಯಾಚ್ ನಂಬರು ಅಂದುಕೊಂಡಿದ್ದೆ.

"ಭಟ್ರೇ, ಬಾರನ್ನು ಮೂತಿ ನೋಡಿ ತಗೊಳೋದಲ್ಲ, ಬಾಲ ನೋಡಿ ತಗೊಳೋದು. ಮೊದಲ ಎರಡು ಅಂಕಿ ಇಂಚು, ಅದು ನಿಮಗೆ ಗೊತ್ತು. ಅದೊಂದೇ ಗೊತ್ತು. ಮೂರನೇ ಅಂಕಿ ಚೈನು ಓಡೋ ಸಂದಿನ ಅಗಲ. ಸೊನ್ನೆ ಇದ್ರೆ 1.3 ಮಿಲಿಮೀಟರು, ಎಂಟು ಇದ್ರೆ 1.5, ಮೂರು ಇದ್ರೆ 1.6. ಕೊನೇದು ಡಿ025, ಅದು ಮೌಂಟು. ಇದು ಸ್ಟಿಲ್ ಬಾರು. ನಿಮ್ಮ ಮಿಷನ್ನಿಗೆ ಡಿ009 ಆಗಬೇಕು."

ಮೌಂಟಿನ ವಿಷಯ ಇಷ್ಟೇ, ಆದರೆ ಈ ಇಷ್ಟರಲ್ಲೇ ಎಲ್ಲ ಇದೆ. ಬಾರಿನ ಬಾಲದಲ್ಲಿ ಒಂದು ಉದ್ದ ಸೀಳು. ಮಿಷನ್ನಿನ ಮೈಯಿಂದ ಹೊರಗೆ ಬಂದಿರುವ ಸ್ಟಡ್‌ಗಳು, ಅಂದರೆ ತಲೆಯಿಲ್ಲದ ಬೋಲ್ಟುಗಳು, ಆ ಸೀಳಿನೊಳಗೆ ಕೂರಬೇಕು. ಸೀಳಿನ ಅಗಲವೂ ಸ್ಟಡ್ಡಿನ ದಪ್ಪವೂ ಒಂದೇ ಆಗಬೇಕು. ಸ್ಟಿಲ್‌ನ ನಡು ಗಾತ್ರದ ಗರಗಸಗಳಿಗೆ ಈ ಸೀಳು 12 ಮಿ.ಮೀ.; ಸ್ವೀಡನ್ನಿನ ಹುಸ್ಕ್‌ವರ್ನಾದ ದೊಡ್ಡ ಮೌಂಟಿಗೆ 9 ಮಿ.ಮೀ. ನನ್ನದು ಈ ಒಂಬತ್ತರ ಗುಂಪಿನದು. ಹನ್ನೆರಡರ ಸೀಳಿಗೆ ಒಂಬತ್ತರ ಸ್ಟಡ್ಡು ತೂರಿಸಿದರೆ ಮಧ್ಯೆ 3 ಮಿ.ಮೀ. ಖಾಲಿ. ನಮ್ಮ ಜಗಲಿಯಲ್ಲಿ ಕುಣಿದದ್ದು ಆ 3 ಮಿ.ಮೀ. ಇಷ್ಟೇ ಅಲ್ಲ, ಸೀಳಿನ ಮೇಲೊಂದು ಕೆಳಗೊಂದು ತೂತು ಇರುತ್ತದೆ, ಚೈನು ಬಿಗಿ ಮಾಡುವ ಪಿನ್ನು ಅದಕ್ಕೆ ಸಿಕ್ಕಬೇಕು. ಅವಕ್ಕಿಂತ ಸಣ್ಣ ತೂತುಗಳು ಇನ್ನೆರಡು, ಎಣ್ಣೆಗೆ. ಮಿಷನ್ನಿನ ಪಂಪು ಎಣ್ಣೆ ಉಗುಳುವ ಬಾಯಿಗೆ ಅವು ಸರಿಯಾಗಿ ಎದುರಾಗದಿದ್ದರೆ ಎಣ್ಣೆ ನೆಲಕ್ಕೆ, ಬಾರು ಒಣಗಿ ಕಾದು ನೀಲಿ. ಎರಡೆರಡು ತೂತು ಏಕೆಂದರೆ ಬಾರನ್ನು ಆಗಾಗ ತಲೆಕೆಳಗು ಮಾಡಿ ಹಾಕಬೇಕು, ಎರಡೂ ಅಂಚು ಸಮನಾಗಿ ಸವೆಯಲಿ ಎಂದು.

ಇದನ್ನೆಲ್ಲ ಊಟದ ಹೊತ್ತಿಗೆ ಮನೆಯಲ್ಲಿ ವಿವರಿಸಿದೆ. ಹೆಂಡತಿ ಸಾರು ಬಡಿಸುತ್ತಾ, "ಕುಕ್ಕರಿನ ಗ್ಯಾಸ್ಕೆಟ್ಟು ಹೋದಾಗ ನಾನು ಅಂಗಡಿಗೆ ಹಳೇ ಗ್ಯಾಸ್ಕೆಟ್ಟು, ಮುಚ್ಚಳ ಎರಡೂ ತಗೊಂಡು ಹೋಗ್ತೀನಿ. ಐದು ಲೀಟರಿನ ಕುಕ್ಕರು ಅಂತ ಮಾತ್ರ ಹೇಳಿದ್ರೆ ಯಾರು ಕೊಡ್ತಾರೆ?" ಎಂದಳು. ಮೆಕ್ಯಾನಿಕ್ಕಿನ ಅರ್ಧ ಗಂಟೆಯ ಪಾಠಕ್ಕೂ ಈ ಮಾತಿಗೂ ಇದ್ದ ವ್ಯತ್ಯಾಸ ಏನೆಂದರೆ, ಮೆಕ್ಯಾನಿಕ್ಕಿನ ಹತ್ತಿರ ನಾನು ಕಾಫಿ ಕುಡಿದಿದ್ದೆ. "ಹಳೇ ಬಾರು ಎಲ್ಲಿದೆ?" ಎಂದಳು. ಭಾವ ಮಜ್ಜಿಗೆ ಕೇಳಿ ಮಾತು ಬದಲಿಸಿದರು. ಒಳ್ಳೆಯ ಮನುಷ್ಯ.

ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಬಾರು ಸ್ಟಿಲ್‌ನದ್ದಲ್ಲವೇ? ಮನೆಯಲ್ಲೊಂದು ಸ್ಟಿಲ್ ಇದೆಯಲ್ಲ! ಅಟ್ಟದಿಂದ ಅಪ್ಪನ 070 ಇಳಿಸಿದೆ. ಇಳಿಸುವಾಗ ನಡು ಹಿಡಿದುಕೊಂಡದ್ದು ಬೇರೆ ಕಥೆ. ಕುಂಕುಮ ಒರೆಸಿ, ಮುಚ್ಚಳ ಬಿಚ್ಚಿ, ಬಾರು ಹಿಡಿದರೆ ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಸ್ಟಿಲ್ ಕಂಪನಿಯಲ್ಲೇ ಮೌಂಟುಗಳು ಬೇರೆ ಬೇರೆ: ಸಣ್ಣವಕ್ಕೆ 3005, ನಡುವಿನವಕ್ಕೆ 3003, 070 ಹಾಗೂ 090ರಂಥ ಭೀಮಕಾಯಗಳಿಗೆ 3002. ಭಾವ ತಂದದ್ದು 3003ರ ಬಾರು. ಚೈನಿನ ಪಿಚ್ಚೂ ಬೇರೆ, 070ಕ್ಕೆ .404 ಇಂಚಿನದು, ಇದು 3/8ರದು. (ಪಿಚ್ ಎಂದರೆ ಅಕ್ಕಪಕ್ಕದ ಮೂರು ರಿವೆಟ್ಟುಗಳ ಉದ್ದ ಅಳೆದು ಅರ್ಧ ಮಾಡುವುದು. ಎರಡರ ನಡುವೆ ನೇರ ಅಳೆಯಬಾರದೇ ಎಂದು ಅಮ್ಮ ಕೇಳಿದಳು. ಅಂತರ ಒಂದೇ ಸಮ ಇರುವುದಿಲ್ಲ, ಅದಕ್ಕೆ ಹಾಗೆ.) ಅಂತೂ ಪಿಸ್ಟನ್ ಹಿಡಿದುಕೊಂಡ ಮಿಷನ್ನಿಗೆ ಬಾರು ಕೂಡಿಸಿ ಏನು ಮಾಡುತ್ತಿದ್ದೆ ಎಂದು ಆಮೇಲೆ ಮಗಳು ಕೇಳಿದಳು. ಕಾನೂನು ಓದಿಸಬಾರದಿತ್ತು.

ಉಳಿದದ್ದು ಮೆಕಲಕ್. ಅದು ಕೊಯ್ಯದಿದ್ದರೂ ಅದಕ್ಕೆ ಬಾರು ಇತ್ತು; ಅದನ್ನೇ ಬಿಚ್ಚಿ ಕೇಸರಿಗೆ ಹಾಕಿದರಾಯಿತು ಎಂದು ಹೊರಟೆ. ರಾಬರ್ಟ್ ಮೆಕಲಕ್ ಎನ್ನುವ ಆ ಕಂಪನಿಯ ಒಡೆಯ ಸಣ್ಣ ಕೆಲಸದ ಮನುಷ್ಯನಲ್ಲ. 1968ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ಹಳೇ ಲಂಡನ್ ಬ್ರಿಜ್ಜನ್ನು 24,60,000 ಡಾಲರಿಗೆ ಕೊಂಡ. ಕಲ್ಲು ಕಲ್ಲಿಗೂ ನಂಬರು ಬರೆಸಿ, ಹಡಗಿನಲ್ಲಿ ಅಮೆರಿಕಕ್ಕೆ ಸಾಗಿಸಿ, ಅರಿಜೋನಾದ ಮರುಭೂಮಿಯಲ್ಲಿ ತಾನು ಕಟ್ಟಿಸುತ್ತಿದ್ದ ಲೇಕ್ ಹವಾಸು ಎನ್ನುವ ಊರಿನಲ್ಲಿ ಕಾಂಕ್ರೀಟಿನ ಮೈಮೇಲೆ ಆ ಕಲ್ಲುಗಳನ್ನು ಮತ್ತೆ ಜೋಡಿಸಿ 1971ರಲ್ಲಿ ಉದ್ಘಾಟನೆ ಮಾಡಿಸಿದ. ತನ್ನ ಗರಗಸದ ಕಾರ್ಖಾನೆಯನ್ನೂ ಅದೇ ಊರಿಗೆ ತಂದಿದ್ದ. ಲಂಡನ್ನಿನ ಸೇತುವೆ ಅರಿಜೋನಾಕ್ಕೆ ಕೂಡಿತು. ಅವನ ಬಾರು ನನ್ನ ಜಗಲಿಯಲ್ಲಿ ಕೂಡಲಿಲ್ಲ. ಈ ಸಲ ತೊಂದರೆ ತಿರುಗುಮುರುಗು: ಸೀಳು ಸಣ್ಣ, ಸ್ಟಡ್ಡು ದಪ್ಪ. ಅರ ಹಾಕಿ ಅಗಲ ಮಾಡೋಣವೆಂದು ಕೂತೆ. ಅರದ ಸದ್ದಿಗೆ ಎಮ್ಮೆ ಹಾಲು ಇಳಿಸುವುದಿಲ್ಲ ಎಂದು ಅಮ್ಮ ಆಕ್ಷೇಪಣೆ ತಂದಳು. ಬೆಳಿಗ್ಗೆ ಸಂಜೆ ಬಿಟ್ಟು ಹಗಲಲ್ಲಿ ಉಜ್ಜಿದೆ. ಸೀಳು ಅಗಲವಾಯಿತು, ಬಾರು ಕೂತಿತು, ಬಿಗಿ ಮಾಡುವ ಪಿನ್ನು ತೂತಿನ ಪಕ್ಕದ ಗಟ್ಟಿ ಉಕ್ಕಿಗೆ ಮೂತಿ ಆನಿಸಿ ನಿಂತಿತು. ಈಗ ಅದು ಕೇಸರಿಗೂ ಆಗದೆ, ಅಗಲವಾದ ಸೀಳಿನಿಂದಾಗಿ ಮೆಕಲಕ್ಕಿಗೂ ಸಲ್ಲದೆ ಹೋಯಿತು. ಎರಡು ಮಿಷನ್ನಿಗೆ ಇಲ್ಲದ ಬಾರು ಈಗ ಮೂರಕ್ಕೂ ಇಲ್ಲವಾಯಿತು.

ಇಲ್ಲಿಂದ ಮುಂದೆ ಇದು ಮರದ ಪ್ರಶ್ನೆಯಾಗಿ ಉಳಿಯಲಿಲ್ಲ. ವರ್ನಿಯರ್ ಕ್ಯಾಲಿಪರ್ ಕೊಂಡೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೌಂಟುಗಳ ಪಟ್ಟಿ ಓದುತ್ತಾ ಕೂರತೊಡಗಿದೆ. ಎಷ್ಟು ಕುತೂಹಲದ ಲೋಕ! ಬೇರೆ ಬೇರೆ ಹೆಸರಿನ ಕಂಪನಿಗಳ ಸಣ್ಣ ಗರಗಸಗಳಿಗೆ, ಹೋಮ್‌ಲೈಟ್, ಪೌಲನ್, ಎಕೋ ಅಂಥವಕ್ಕೆ, ಎ041 ಎನ್ನುವ ಒಂದೇ ಬಾಲ ಹೊಂದುವುದುಂಟು. ಒಂದೇ ಕಂಪನಿಯ ದೊಡ್ಡದಕ್ಕೂ ಚಿಕ್ಕದಕ್ಕೂ ಹೊಂದದಿರುವುದೂ ಉಂಟು. ಯಾಕೆ ಹೀಗೆ ಎಂದರೆ, ಇವರೆಲ್ಲ ಒಂದು ಮೇಜಿನ ಸುತ್ತ ಕೂತು ಮಾಡಿದ್ದಲ್ಲ. ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಕರೆಂಟಿನಿಂದ ಓಡುವ ಚೈನ್ ಸಾ ಮಾಡಿದ. ಮರುವರ್ಷ ಎಮಿಲ್ ಲೆರ್ಪ್ ಪೆಟ್ರೋಲಿನದನ್ನು ಡೋಲ್ಮಾರ್ ಎನ್ನುವ ಗುಡ್ಡದ ಮೇಲೆ ಓಡಿಸಿ ತೋರಿಸಿ, ಗುಡ್ಡದ ಹೆಸರನ್ನೇ ಕಂಪನಿಗೆ ಇಟ್ಟ. ಸ್ವೀಡನ್ನಿನ ಹುಸ್ಕ್‌ವರ್ನಾ 1689ರಿಂದ ಬಂದೂಕು ಮಾಡುತ್ತಿದ್ದ ಕಾರ್ಖಾನೆ. ಅದು ಚೈನ್ ಸಾ ಕಡೆ ತಿರುಗಿದ್ದು 1959ರಲ್ಲಿ. ಅಮೆರಿಕದವರ ಲೆಕ್ಕ ಇಂಚಿನಲ್ಲಿ, ಇವರ ಲೆಕ್ಕ ಮಿಲಿಮೀಟರಿನಲ್ಲಿ. ತನ್ನ ಗರಗಸ ಕೊಂಡವನು ಬಾರಿಗೂ ತನ್ನ ಅಂಗಡಿಗೇ ಬರಲಿ ಎಂದು ಯಾರೂ ಬಾಯಿ ಬಿಟ್ಟು ಹೇಳದಿದ್ದರೂ, ಬರದಿರಲಿ ಎಂದೂ ಯಾರೂ ಬಯಸಿರಲಿಕ್ಕಿಲ್ಲ. ಆಮೇಲೆ ಯೋನ್ಸೆರೆಡ್, ಪಾರ್ಟ್ನರ್, ಪೌಲನ್, ಕೊನೆಗೆ ಮೆಕಲಕ್ ಹೆಸರೂ ಹುಸ್ಕ್‌ವರ್ನಾದ ಮನೆತನಕ್ಕೆ ಸೇರಿದವು. ಯಜಮಾನ ಒಬ್ಬನಾದ, ಹಳೇ ಮಿಷನ್ನುಗಳ ಸ್ಟಡ್ಡುಗಳು ಇದ್ದ ಹಾಗೇ ಇದ್ದವು.

ಕ್ಯಾಲಿಪರ್ ಕೈಗೆ ಬಂದ ಮೇಲೆ ಮನೆಯಲ್ಲಿ ಅಳೆಯದೆ ಉಳಿದ ವಸ್ತು ಕಡಿಮೆ. ಚಕ್ಕುಲಿ ಒರಳಿನ ಅಚ್ಚಿನ ತೂತುಗಳು ಒಂದೇ ಸಮ ಇಲ್ಲ ಎಂದು ಸಾಧಿಸಿ ತೋರಿಸಿದೆ. ಅದರಿಂದ ನನಗೆ ಆ ಸಲದ ಚಕ್ಕುಲಿಯಲ್ಲಿ ಪಾಲು ಕಡಿಮೆಯಾಯಿತು. ನಿದ್ದೆಯಲ್ಲಿ "ಡಿ009, ಡಿ009" ಎಂದು ಕನವರಿಸುತ್ತೇನೆ ಎಂದು ಹೆಂಡತಿ ತವರಿಗೆಲ್ಲ ಫೋನು ಮಾಡಿ ಹೇಳಿದಳು. ಅತ್ತೆ, ಅದು ಯಾವ ಬಸ್ಸಿನ ನಂಬರು ಎಂದು ಕೇಳಿದರಂತೆ.

ಇತ್ತ ಮರ ಹಾಗೇ ಮಲಗಿತ್ತು, ಮನೆಯವರು ಅದಕ್ಕೆ ಒಗ್ಗಿಕೊಳ್ಳತೊಡಗಿದ್ದರು. ಅಮ್ಮ ಎರಡೂ ಕಡೆ ಕಲ್ಲು ಇಟ್ಟು ಮೆಟ್ಟಿಲು ಮಾಡಿಕೊಂಡಳು. ಮರದ ಮೇಲೆ ನಿಂತರೆ ಫೋನಿಗೆ ಎರಡು ಕಡ್ಡಿ ನೆಟ್‌ವರ್ಕ್ ಸಿಗುತ್ತದೆ ಎಂದು ಮಗಳು ಪತ್ತೆ ಮಾಡಿದ ಮೇಲಂತೂ, ಆ ಮರವನ್ನು ತೆಗೆಯಲೇಬೇಕೇ ಎಂದು ಒಂದು ಪಕ್ಷ ಹುಟ್ಟಿಕೊಂಡಿತು. ನಾನು ಆ ಪಕ್ಷಕ್ಕೆ ಹೊರಗಿನಿಂದ ಬೆಂಬಲ ಕೊಟ್ಟೆ.

ಮೆಕ್ಯಾನಿಕ್ಕು ಒಂದು ದಾರಿ ಹೇಳಿದ್ದ. ಸೀಳು ಸಣ್ಣದಿದ್ದರೆ ಕಷ್ಟ, ದೊಡ್ಡದಿದ್ದರೆ ಉಪಾಯ ಇದೆ. ಒಳಗೆ 9, ಹೊರಗೆ 12 ಮಿ.ಮೀ. ಇರುವ ಬುಷ್ಷು ಮಾಡಿಸಿ ಸ್ಟಡ್ಡಿಗೆ ತೊಡಿಸಿದರೆ ಸ್ಟಿಲ್ ಬಾರು ಇಂಥ ಮಿಷನ್ನಿಗೆ ಕೂರುತ್ತದೆ. ಹೊರದೇಶಗಳಲ್ಲೂ ಹಳೇ ಗರಗಸದ ಮಂದಿ ಹೀಗೆ ಮಾಡುತ್ತಾರೆ. ಬುಷ್ಷು ಬಾರಿನ ದಪ್ಪಕ್ಕಿಂತ ಕೂದಲೆಳೆಯಷ್ಟು ಗಿಡ್ಡ ಇರಬೇಕು, ಇಲ್ಲದಿದ್ದರೆ ನಟ್ಟು ಬುಷ್ಷನ್ನು ಒತ್ತುತ್ತದೆಯೇ ಹೊರತು ಬಾರನ್ನಲ್ಲ. ಬಾರು ಸಡಿಲ ಬಿಟ್ಟು ಮಿಷನ್ನು ಓಡಿಸಿದರೆ ಚೈನು ಹಾರಿ ಬಂದೀತು, ತಮಾಷೆಯಲ್ಲ ಎಂದು ಎರಡೆರಡು ಸಲ ಎಚ್ಚರಿಸಿದ. ಲೇತ್ ಅಂಗಡಿಯಲ್ಲಿ ಹಿತ್ತಾಳೆಯದು ಮಾಡಿಸಿದೆ. ಒಂದೂವರೆ ಮಿಲಿಮೀಟರು ಗೋಡೆಯ ಉಂಗುರ. ಲೇತಿನವನು ಮೊದಲ ಜೊತೆಯನ್ನು ಮೂಗುತಿ ಅಂದುಕೊಂಡನೋ ಏನೋ, ಬಹಳ ಪಾಲಿಶ್ ಮಾಡಿದ, ಅಳತೆ ಹೋಯಿತು. ಇನ್ನೊಂದು ಜೊತೆ ಸರಿ ಬಂತು. ಬಿಗಿ ಮಾಡುವ ಪಿನ್ನಿನ ತೂತು ಹೇಗೋ ಹೊಂದಿಕೊಂಡಿತು. ಎಣ್ಣೆಯ ತೂತು ಹೊಂದಲಿಲ್ಲ. ಮಿಷನ್ನಿನ ಎಣ್ಣೆಯ ಬಾಯಿಗೆ ಎದುರಾಗುವಂತೆ ಮೇಲೊಂದು ಕೆಳಗೊಂದು ಹೊಸ ತೂತು ಕೊರೆಸಿದೆ.

ಬುಷ್ಷು ಜೇಬಿನಲ್ಲಿ, ಬಾರು ಹೆಗಲ ಮೇಲೆ, ನವರಾತ್ರಿಯ ಹಿಂದಿನ ದಿನ ಮನೆಗೆ ಬಂದರೆ ದಾರಿ ಖಾಲಿ. ಮರ ಇಲ್ಲ. ಕೊಟ್ಟಿಗೆಯ ಬದಿಯಲ್ಲಿ ಸಾಲಾಗಿ ಪೇರಿಸಿದ ತುಂಡುಗಳು. ಹೆಂಡತಿ ಪಕ್ಕದ ಊರಿನ ಹುಡುಗನನ್ನು ಕರೆಸಿದ್ದಳು. ಗಂಟೆ ಲೆಕ್ಕಕ್ಕೆ ಬರುವವನು, 58 ಸಿ.ಸಿ.ಯ ಚೀನಾ ಮಿಷನ್ನು, ಅದರ ಹೆಸರನ್ನು ಅವನೇ ಓದಿರಲಿಲ್ಲ. ಬೆಳಗಿನ ತಿಂಡಿಗೆ ಬಂದವನು ಮಧ್ಯಾಹ್ನದ ಊಟಕ್ಕೆ ಕೈ ತೊಳೆದನಂತೆ. ಅವನು ತೆಗೆದುಕೊಂಡ ಕೂಲಿ ನನ್ನ ಕ್ಯಾಲಿಪರಿನ ಬೆಲೆಗೂ ಸಮ ಇರಲಿಲ್ಲ. ಈ ಹೋಲಿಕೆ ಮಾಡಿದ್ದು ನಾನಲ್ಲ.

ಬುಡದ ಹತ್ತಿರ ಒಂದು ಮೊಂಡು ಉಳಿಸಿದ್ದರು, ನನಗಾಗಿ. ಅದು ದಯೆಯೋ ಹಾಸ್ಯವೋ ತಿಳಿಯಲಿಲ್ಲ. ಬಾರು ಕೂರಿಸಿದೆ. ಕುಣಿಯಲಿಲ್ಲ. ಎಣ್ಣೆ ಬಂತು. ಮಿಷನ್ನು ಎರಡೆಳೆತಕ್ಕೆ ಶುರುವಾಯಿತು. ಅಮ್ಮ ಎಮ್ಮೆಯನ್ನು ಬಿಟ್ಟು ನೋಡಲು ಬಂದಳು. ಕೊಯ್ದೆ. ಕೊಯ್ದಿತು! ಆದರೆ ನೇರ ಕೊಯ್ಯಲಿಲ್ಲ; ಮೇಲಿಂದ ಹೊರಟ ಗೆರೆ ಕೆಳಗೆ ಬರುವಷ್ಟರಲ್ಲಿ ಎಡಕ್ಕೆ ಒಂದು ಸುತ್ತು ಹಾಕಿಕೊಂಡು ಇಳಿಯಿತು. ಬಾರಿನ ಸಂದು 1.6, ನನ್ನ ಹಳೇ ಚೈನು 1.5. ಚೈನು ಸಂದಿನಲ್ಲಿ ಸ್ವಲ್ಪ ವಾಲುತ್ತದೆ. ಅದರ ಮೇಲೆ, ಹಲ್ಲು ಮಸೆದವನು ಒಂದು ಕಡೆಯ ಹಲ್ಲುಗಳನ್ನು ಇನ್ನೊಂದು ಕಡೆಯವುಗಳಿಗಿಂತ ಗಿಡ್ಡ ಮಾಡಿದ್ದಾನೆ, ಸೊಟ್ಟ ಕೊಯ್ಯಲು ಅದೇ ದೊಡ್ಡ ಕಾರಣ ಎಂದು ಮೆಕ್ಯಾನಿಕ್ಕು ಹೇಳಿದ. ಮಸೆದವನು ಯಾರು ಎಂದು ಅವನು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ಆ ಸೊಟ್ಟ ತುಂಡನ್ನು ಅಮ್ಮ ಹಾಲು ಕರೆಯುವಾಗ ಕೂರುವ ಮಣೆ ಮಾಡಿಕೊಂಡಿದ್ದಾಳೆ. ಒಂದು ಕಡೆ ವಾಲುವುದರಿಂದ ಎಮ್ಮೆಯ ಹೊಟ್ಟೆಯ ಕೆಳಗೆ ಬಗ್ಗಲು ಅನುಕೂಲವಂತೆ.

ಕೊನೆಗೆ ಮಂಗಳೂರಿನಿಂದ ಡಿ009ರ ಸರಿಯಾದ ಬಾರೊಂದನ್ನು ಮೆಕ್ಯಾನಿಕ್ಕೇ ತರಿಸಿಕೊಟ್ಟ. ಅದನ್ನು ಕೂರಿಸಿಟ್ಟಿದ್ದೇನೆ. ಕೊಯ್ಯಲು ಸದ್ಯ ಮರ ಬಿದ್ದಿಲ್ಲ. ಇದೊಂದು ಕಾರಣಕ್ಕೆ ನನ್ನ ಹೆಂಡತಿ ಹೇಳುವ ಆ ಎರಡನೆಯ ವಾಕ್ಯ ಈಗಲೂ ನಿಜ.

ಓದುಗರಲ್ಲಿ ಯಾರ ಹತ್ತಿರವಾದರೂ ಸ್ಟಿಲ್‌ನ 3003 ಮೌಂಟಿನ ಗರಗಸ ಇದ್ದರೆ, ನಮ್ಮ ಮನೆಯಲ್ಲಿ ಇಪ್ಪತ್ತು ಇಂಚಿನ ಡಿ025 ಬಾರು ಇದೆ, 3/8 ಪಿಚ್ಚು, 1.6ರ ಸಂದು, ಒಂದೇ ಒಂದು ಮೊಂಡು ಕೊಯ್ದದ್ದು. ಬಂದು ಒಯ್ಯಬಹುದು. ಮಾಮೂಲಿಗಿಂತ ಎರಡು ತೂತು ಹೆಚ್ಚಿಗೆ ಇವೆ. ಅವಕ್ಕೆ ಬೇರೆ ದುಡ್ಡು ಕೇಳುವುದಿಲ್ಲ. ಬರುವಾಗ ನಿಮ್ಮ ಹಳೇ ಬಾರನ್ನು ಕೈಯಲ್ಲಿ ಹಿಡಿದುಕೊಂಡೇ ಬನ್ನಿ. ಎಷ್ಟು ಇಂಚು ಎಂದು ಫೋನಿನಲ್ಲಿ ಹೇಳಬೇಡಿ.